ಮಕ್ಕಳಿಗೆ ಅವರದೇ ಒಂದು ಗಂಟೆ ಬಿಡಿ

ಮಾನ್ಯ ಸಂಪಾದಕರೇ,

2025ರ ದ್ವಿತೀಯ ಪಿಯು ಫಲಿತಾಂಶದಲ್ಲಿ ಉಡುಪಿಗೆ ಮೊದಲ ಸ್ಥಾನ, ದಕ್ಷಿಣ ಕನ್ನಡಕ್ಕೆ ಎರಡನೆಯದು. ಖುಷಿಯೇ. ಆದರೆ ಬೆಳಿಗ್ಗೆ ಟ್ಯೂಷನ್, ಆಮೇಲೆ ಕಾಲೇಜು, ಸಂಜೆ ಮತ್ತೆ ಕೋಚಿಂಗ್. ಏನು ಓದಬೇಕು, ಎಷ್ಟು ಹೊತ್ತು ಓದಬೇಕು ಎಂದು ಎಲ್ಲವನ್ನೂ ಬೇರೆಯವರೇ ಹೇಳಿದರೆ ಮಕ್ಕಳು ಸ್ವಂತವಾಗಿ ಓದಲು ಕಲಿಯುವುದು ಯಾವಾಗ?

ನಾನು ನಿವೃತ್ತ ಗಣಿತ ಶಿಕ್ಷಕಿ. ನೆರೆಮನೆಯ ಮಕ್ಕಳು ಸಂಜೆ ನಮ್ಮ ಚಾವಡಿಗೆ ಬರುತ್ತಾರೆ. ನಾನು ಪಾಠ ಮಾಡುವುದಿಲ್ಲ. ಫೋನ್ ಒಳಗಿನ ಕೋಣೆಯಲ್ಲಿಡಬೇಕು, ಇವತ್ತು ಏನು ಮುಗಿಸುತ್ತೇವೆಂದು ಅವರೇ ಚೀಟಿಯಲ್ಲಿ ಬರೆಯಬೇಕು, ಅಷ್ಟೇ. ಸ್ವಲ್ಪ ಹೊತ್ತು ಓದಿ, ಪುಸ್ತಕ ಮುಚ್ಚಿ, ನೆನಪಾದದ್ದನ್ನು ಬರೆಯುತ್ತಾರೆ. ಇದು ನನ್ನ ಹುಚ್ಚಲ್ಲ. 2006ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ ಪ್ರಕಟಿಸಿದ ಪ್ರಯೋಗದಲ್ಲಿ, ಮತ್ತೆ ಮತ್ತೆ ಓದಿದವರಿಗಿಂತ ಹೀಗೆ ನೆನಪಿಸಿಕೊಂಡವರಿಗೆ ವಾರದ ನಂತರ ಜಾಸ್ತಿ ನೆನಪಿತ್ತು. ಮೊದಮೊದಲು ಒಬ್ಬ ಹುಡುಗ "ಟೀಚರ್, ಯಾವ ಲೆಕ್ಕ ಮಾಡ್ಲಿ?" ಎಂದು ಕೇಳಿ ಸುಮ್ನೆ ಕೂರುತ್ತಿದ್ದ. ಈಗ ನಾನು ಮಧ್ಯೆ ಮಾತಾಡಿದರೆ ಅವನಿಗೇ ಕಿರಿಕಿರಿ!

ಶಾಲೆಗಳು ವಾರಕ್ಕೆ ಎರಡು ಪೀರಿಯಡ್ ಹೀಗೆ ಮಕ್ಕಳಿಗೇ ಬಿಡಬಹುದು ಅಲ್ವಾ? ಪಿಟಿ ಪೀರಿಯಡ್ ಕಸಿದುಕೊಂಡು ಮಾತ್ರ ಬೇಡ.

– ನಿವೃತ್ತ ಶಿಕ್ಷಕಿ, ಕಟಪಾಡಿ, ಉಡುಪಿ