ಅಮ್ಮನಿಗೆ ಹೇಳಿ, ಅದು ಲಾರಿ ಅಲ್ಲ

ಷಾರ್ಲಟ್ಸ್‌ವಿಲ್, ವರ್ಜೀನಿಯಾ
ಭಾನುವಾರ ರಾತ್ರಿ

ತೀರ್ಥರೂಪು ಅಪ್ಪನವರಿಗೆ,

ಸುಧಾ ಮಾಡುವ ನಮಸ್ಕಾರಗಳು. ನಾವು ಕ್ಷೇಮ, ನಿಮ್ಮೆಲ್ಲರ ಕ್ಷೇಮಕ್ಕೆ ಬರೆಯುತ್ತಿರಿ.

ನಿಮ್ಮ ಪತ್ರ ತಲುಪಿತು. ಅಳಿಯ ಲಾರಿ ಕೊಂಡಿದ್ದಾರೆ, ಮಗುವನ್ನು ಅದರಲ್ಲೇ ಶಾಲೆಗೆ ಕರೆದುಕೊಂಡು ಹೋಗುತ್ತಾರೆ ಎಂದು ಅಮ್ಮ ಊಟ ನಿದ್ದೆ ಬಿಟ್ಟು ಕುಳಿತಿರುವುದಾಗಿ ಬರೆದಿದ್ದೀರಿ. ಮೊದಲು ಅವರಿಗೆ ಸಮಾಧಾನ ಹೇಳಿ. ಅದು ಲಾರಿ ಅಲ್ಲ, ಪಿಕಪ್. ಮುಂದೆ ಐದು ಜನ ಆರಾಮವಾಗಿ ಕೂರುವ ಕಾರು, ಹಿಂದೆ ಸಾಮಾನು ಹಾಕುವ ತೊಟ್ಟಿ, ಅಷ್ಟೇ. ಈ ದೇಶದಲ್ಲಿ ವಕೀಲರು, ಮೇಷ್ಟರು, ಹಲ್ಲಿನ ಡಾಕ್ಟರು ಎಲ್ಲರೂ ಇದನ್ನೇ ಓಡಿಸುತ್ತಾರೆ. ಫೋರ್ಡ್‌ನವರ ಎಫ್ ಸರಣಿಯಂತೂ 1977ರಿಂದ ಇಲ್ಲಿ ಎಲ್ಲಕ್ಕಿಂತ ಹೆಚ್ಚು ಮಾರಾಟವಾಗುವ ಪಿಕಪ್. ಪಕ್ಕದ ಮನೆಯವರ ತೊಟ್ಟಿಯಲ್ಲಿ ಒಂದು ಮೂಟೆ ಇದ್ದುದನ್ನೂ ನಾನು ಕಂಡಿಲ್ಲ. ಶನಿವಾರ ಅದನ್ನು ತೊಳೆದು, ಒರೆಸಿ, ಅದರಲ್ಲೇ ಹಾಲು ತರಲು ಹೋಗುತ್ತಾರೆ. ನಮ್ಮದರಲ್ಲಾದರೂ ಇವರ ಮರಗೆಲಸದ ಹಲಗೆಗಳು ಬರುತ್ತವೆ.

ಇನ್ನು ಅಪಘಾತದ ವಿಷಯ. ನಾನು ಕಣ್ಣು ಮುಚ್ಚಿಕೊಂಡು ಒಪ್ಪಿಕೊಂಡವಳಲ್ಲ ಅಪ್ಪ. ನಮ್ಮ ಊರಿನ ಉತ್ತರಕ್ಕೆ ಅರ್ಧ ಗಂಟೆ ಹೋದರೆ ರಕ್ಕರ್ಸ್‌ವಿಲ್ ಎಂಬ ಸಣ್ಣ ಊರಿದೆ. ವಿಮಾ ಕಂಪನಿಗಳೆಲ್ಲ ಸೇರಿ ನಡೆಸುವ ಸಂಸ್ಥೆಯೊಂದು 1992ರಿಂದ ಅಲ್ಲಿ ಹೊಚ್ಚ ಹೊಸ ಗಾಡಿಗಳನ್ನು ಗೋಡೆಗೆ ಗುದ್ದಿಸಿ ಪರೀಕ್ಷೆ ಮಾಡುತ್ತಿದೆ. ಲಕ್ಷಾಂತರ ರೂಪಾಯಿಯ ಗಾಡಿ ಒಂದು ಕ್ಷಣದಲ್ಲಿ ಗುಜರಿ! ನಷ್ಟ ಕಟ್ಟಿಕೊಡಬೇಕಾದವರೇ ಪರೀಕ್ಷೆಗೆ ದುಡ್ಡು ಹಾಕುವುದರಿಂದ ನನಗೆ ಅವರ ಮಾತಿನ ಮೇಲೆ ನಂಬಿಕೆ. ಸರ್ಕಾರವೂ 1978ರಿಂದ ಬೇರೆಯಾಗಿ ಪರೀಕ್ಷೆ ಮಾಡುತ್ತಿದೆ, ಐದು ನಕ್ಷತ್ರ ನಾಲ್ಕು ನಕ್ಷತ್ರ ಎಂದು ಜಾಹೀರಾತಿನಲ್ಲಿ ಬರುವುದು ಅದೇ. ಆದರೆ ಸರ್ಕಾರದವರು ಗಾಡಿಯ ಇಡೀ ಮೂತಿಯನ್ನು ಗಂಟೆಗೆ 56 ಕಿಲೋಮೀಟರ್ ವೇಗದಲ್ಲಿ ಗೋಡೆಗೆ ಗುದ್ದಿಸುತ್ತಾರೆ. ಹಾಗೆ ಗುದ್ದಿದಾಗ ಪೆಟ್ಟನ್ನು ಇಡೀ ಚಾಸಿ ಹಂಚಿಕೊಳ್ಳುತ್ತದೆ. ವಿಮೆಯವರು 2012ರಲ್ಲಿ ಇನ್ನೊಂದು ಪರೀಕ್ಷೆ ತಂದರು. ಮೂತಿಯ ಕಾಲು ಭಾಗ ಮಾತ್ರ, ಅದೂ ಚಾಲಕನ ಕಡೆಯದು, 64 ಕಿಲೋಮೀಟರ್ ವೇಗದಲ್ಲಿ ಗಟ್ಟಿ ತಡೆಗೆ ತಾಗಬೇಕು. ರಸ್ತೆ ಬದಿಯ ಮರಕ್ಕೋ ಕಂಬಕ್ಕೋ ಓರೆಯಾಗಿ ಬಡಿದ ಹಾಗೆ. ಆಗ ಪೆಟ್ಟು ಚಾಸಿಯ ಪಕ್ಕದಲ್ಲಿ ಜಾರಿ ನೇರವಾಗಿ ಚಕ್ರಕ್ಕೆ ಬೀಳುತ್ತದೆ, ಚಕ್ರ ಚಾಲಕನ ಕಾಲಿನ ಕಡೆಗೆ ನುಗ್ಗುತ್ತದೆ.

ಇವರು ಮೊದಲು ನೋಡಿಕೊಂಡು ಬಂದದ್ದು ಅದೇ ಎಫ್ ಸರಣಿಯ 2015ರ ಎಫ್-150, ಸೂಪರ್‌ಕ್ಯಾಬ್ ಎಂಬ ಮಾದರಿ. ಅಗ್ಗಕ್ಕೆ ಸಿಗುತ್ತದೆ ಎಂದು ಕುಣಿದಾಡಿದರು. ನಾನು ಆ ಪರೀಕ್ಷೆಯ ವಿಡಿಯೊ ಹಾಕಿ ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿದೆ. ಚಾಲಕನ ಜಾಗದಲ್ಲಿ ಮನುಷ್ಯನ ಬದಲು ಕೂರಿಸಿದ ಬೊಂಬೆಯ ಮುಖಕ್ಕೆ ಬಣ್ಣ ಬಳಿದಿರುತ್ತಾರೆ. ಗುದ್ದಿದ ಮೇಲೆ ಆ ಬಣ್ಣ ಎಲ್ಲೆಲ್ಲಿ ಮೆತ್ತಿದೆ ಎಂದು ನೋಡಿದರೆ ತಲೆ ಎಲ್ಲಿಗೆ ಬಡಿಯಿತು ಎಂದು ಗೊತ್ತಾಗುತ್ತದೆ. ಸೂಪರ್‌ಕ್ಯಾಬ್‌ನಲ್ಲಿ ಸ್ಟೀರಿಂಗ್ ಸುಮಾರು 8 ಅಂಗುಲ ಹಿಂದೆ ಸರಿದು ಬೊಂಬೆಯ ಎದೆಯ ಹತ್ತಿರಕ್ಕೇ ಬಂದಿತ್ತು. ತಲೆ ಏರ್‌ಬ್ಯಾಗ್‌ಗೆ ತಾಗಿದ ಶಾಸ್ತ್ರ ಮಾಡಿ ಪಕ್ಕಕ್ಕೆ ಜಾರಿತ್ತು. ಅದೇ ವರ್ಷದ, ಅದೇ ಎಫ್-150ರ ನಾಲ್ಕು ದೊಡ್ಡ ಬಾಗಿಲಿನ ಸೂಪರ್‌ಕ್ರೂ ಮಾದರಿಗೆ ಮಾತ್ರ ‘ಉತ್ತಮ’ ಎಂಬ ದರ್ಜೆ ಸಿಕ್ಕಿತ್ತು. ಕಾರಣ ಕೇಳಿದರೆ ನೀವು ನಗುತ್ತೀರಿ. ಚಕ್ರ ಒಳಗೆ ನುಗ್ಗದಂತೆ ತಡೆಯುವ ಉಕ್ಕಿನ ಕೊಳವೆಗಳನ್ನು ಆ ಮಾದರಿಗೆ ಹಾಕಿ ಈ ಮಾದರಿಗೆ ಹಾಕಿರಲಿಲ್ಲ! ವಿಷಯ ಹೊರಗೆ ಬಂದ ಮೇಲೆ 2016ರಿಂದ ಉಳಿದವಕ್ಕೂ ಹಾಕಿದರು. ನಾವು ಕೊಂಡಿರುವುದು 2018ರ ಸೂಪರ್‌ಕ್ರೂ. ಎಡಕ್ಕೆ ಗುದ್ದಿಸಿದ್ದಾರೆ, ಬಲಕ್ಕೆ ಗುದ್ದಿಸಿದ್ದಾರೆ, ಎರಡರಲ್ಲೂ ಪಾಸು. ಅಮ್ಮನಿಗೆ ಇಷ್ಟನ್ನು ಎರಡು ಸಲ ಓದಿ ಹೇಳಿ.

ಈ ಮುಂದಿನದನ್ನು ಅವರಿಗೆ ಓದಿ ಹೇಳಬೇಡಿ. ಹಿಂದಿನ ಸೀಟಿನಲ್ಲೂ ಬೊಂಬೆ ಕೂರಿಸಿ ಗುದ್ದಿಸುವ ಪರೀಕ್ಷೆಯನ್ನು 2022ರಲ್ಲಿ ಶುರು ಮಾಡಿದರು. ಮರುವರ್ಷ ಐದು ಸಣ್ಣ ಪಿಕಪ್‌ಗಳನ್ನು ಪರೀಕ್ಷಿಸಿದರೆ ಒಂದಕ್ಕೂ ‘ಉತ್ತಮ’ ಸಿಗಲಿಲ್ಲ. ಆ ಬೊಂಬೆ ಹನ್ನೆರಡು ವರ್ಷದ ಮಗುವಿನಷ್ಟು ದೊಡ್ಡದು, ಬರೀ ಬೆಲ್ಟ್ ಹಾಕಿಕೊಂಡಿರುತ್ತದೆ. ನಮ್ಮ ಪುಟ್ಟಿ ಕೂರುವುದು ಮಕ್ಕಳ ಸೀಟಿನಲ್ಲಿ, ಅವಳಿಗೆ ಆ ಲೆಕ್ಕ ಅನ್ವಯಿಸುವುದಿಲ್ಲ, ಮಕ್ಕಳಿಗೆ ಹಿಂದಿನ ಸೀಟೇ ಕ್ಷೇಮ ಎಂದು ಅವರೇ ಹೇಳುತ್ತಾರೆ. ಆದ್ದರಿಂದ ಚಿಂತೆಗೆ ಕಾರಣವೇ ಇಲ್ಲ. ಖಂಡಿತ ಇಲ್ಲ. ಮೂತಿ ಎತ್ತರವಿರುವ ಗಾಡಿಗಳು ರಸ್ತೆ ದಾಟುವವರಿಗೆ ಹೆಚ್ಚು ಅಪಾಯ ಎಂಬುದು ಮಾತ್ರ ನಿಜ. ಶಾಲೆಯ ಮುಂದೆ ಇವರು ಆಮೆಯ ಹಾಗೆ ಹೋಗುತ್ತಾರೆ, ನಾನು ಪಕ್ಕದಲ್ಲೇ ಇರುತ್ತೇನೆ.

ಈಗ ನನ್ನ ಸರದಿ. ಪತ್ರದ ಕೊನೆಯಲ್ಲಿ ನೀವು ಏನೂ ಅಲ್ಲವೆಂಬಂತೆ ಎರಡು ಸಾಲು ಬರೆದಿದ್ದೀರಿ. ರಘು ಟೊಮೆಟೊ ಸಾಗಿಸಲು ಪಿಕಪ್ ಕೊಳ್ಳುತ್ತಾನೆ, ಮುಂಗಡಕ್ಕೆ ನಾನು ಹಣ ಕಳಿಸಬೇಕು. ಸಾವಿತ್ರಿಯ ಮದುವೆಗೆ ಮುಳಬಾಗಿಲಿನ ಛತ್ರಕ್ಕೆ ಮನೆಯವರೆಲ್ಲ ಅದರ ಹಿಂದೆಯೇ ಕುಳಿತು ಹೋದರೆ ಬಸ್ಸಿನ ಖರ್ಚು ಉಳಿಯುತ್ತದೆ. ಓದಿದಾಗ ಕೈಕಾಲು ತಣ್ಣಗಾಯಿತು. ನನ್ನ ಗಾಡಿಯನ್ನು ಲಾರಿ ಎಂದು ಅಳುವ ಅಮ್ಮ ತಾವು ಕಬ್ಬಿಣದ ತೊಟ್ಟಿಯಲ್ಲಿ ಜಮಖಾನ ಹಾಸಿಕೊಂಡು ಕೂರಲು ಸಿದ್ಧರಾಗಿದ್ದಾರೆ! ಅಲ್ಲಿ ಬೆಲ್ಟ್ ಎಲ್ಲಿದೆ, ಹಿಡಿದುಕೊಳ್ಳಲು ಏನಿದೆ? ತಿರುವಿನಲ್ಲಿ ಎಲ್ಲರೂ ಒಂದು ಕಡೆ ವಾಲಿದರೆ ಗಾಡಿಯೇ ವಾಲುತ್ತದೆ. ಏನಾದರೂ ಆದರೆ ವಿಮೆಯೂ ಇಲ್ಲ ಅಪ್ಪ. ಸರಕಿನ ಗಾಡಿಯಲ್ಲಿ ಸುಮ್ಮನೆ ಹತ್ತಿಸಿಕೊಂಡವರಿಗೆ ವಿಮಾ ಕಂಪನಿ ಹೊಣೆಯಲ್ಲ ಎಂದು ಸುಪ್ರೀಂ ಕೋರ್ಟೇ ಹೇಳಿದೆ.

ರಘು ಫೋನಿನಲ್ಲಿ ‘ಅದಕ್ಕೂ ಐದು ನಕ್ಷತ್ರ ಇದೆ ಅಕ್ಕ’ ಎಂದ. ಯಾರು ಕೊಟ್ಟರೋ! ಗುದ್ದಿಸಿ ನೋಡಿ ನಕ್ಷತ್ರ ಕೊಡುವ ನಮ್ಮ ಭಾರತ್ ಎನ್‌ಕ್ಯಾಪ್ 2023ರ ಅಕ್ಟೋಬರ್‌ನಲ್ಲಿ ಶುರುವಾದದ್ದು ಪ್ರಯಾಣಿಕರ ಕಾರುಗಳಿಗೆ. ಸರಕು ಸಾಗಿಸುವ ಪಿಕಪ್ ಅದರ ಲೆಕ್ಕಕ್ಕೇ ಬರುವುದಿಲ್ಲ. ಅದೇ ಕಂಪನಿಯ ಯಾವುದೋ ಕಾರಿಗೆ ಬಂದ ನಕ್ಷತ್ರವನ್ನು ಶೋರೂಮಿನವನು ಇದಕ್ಕೂ ಅಂಟಿಸಿ ಹೇಳಿರಬೇಕು.

ಹಣ ಕಳಿಸುತ್ತೇನೆ, ಅನುಮಾನ ಬೇಡ. ಇವರೂ ಒಪ್ಪಿದ್ದಾರೆ. ಆದರೆ ಚಾಲಕನ ಏರ್‌ಬ್ಯಾಗ್ ಮತ್ತು ಜೋರಾಗಿ ಬ್ರೇಕ್ ಹಿಡಿದಾಗ ಚಕ್ರ ಬಿಗಿದು ಜಾರದಂತೆ ತಡೆಯುವ ಎಬಿಎಸ್ ಇರುವ ಮಾದರಿಯನ್ನೇ ತೆಗೆದುಕೊಳ್ಳಲಿ. ಸ್ವಲ್ಪ ಹೆಚ್ಚಾದರೆ ಹೆಚ್ಚಾಗಲಿ, ಅದನ್ನೂ ನಾನೇ ನೋಡಿಕೊಳ್ಳುತ್ತೇನೆ. ಆರ್‌ಸಿಯಲ್ಲಿ ಬರೆದಷ್ಟೇ ಭಾರ ಹೇರಬೇಕು. ಹದಿನೈದು ಕಿಲೋ ಕ್ರೇಟು, ಹತ್ತು ಹೆಚ್ಚಾದರೇನು ಎನ್ನುತ್ತಾನೆ, ಬ್ರೇಕ್ ಹಿಡಿದಾಗ ಗೊತ್ತಾಗುತ್ತದೆ ಏನೆಂದು. ಬೆಳಗಿನ ಜಾವ ಮಂಡಿಗೆ ಹೊರಡುವಾಗ ಬೆಲ್ಟ್ ಹಾಕಿಕೊಳ್ಳಲಿ. ಮದುವೆಗೆ ಬಸ್ಸು ಮಾಡಿ. ಅದರ ದುಡ್ಡನ್ನು ಬೇರೆಯಾಗಿ ನಿಮ್ಮ ಖಾತೆಗೇ ಹಾಕುತ್ತೇನೆ, ರಘುವಿನ ಕೈಗೆ ಕೊಡಬೇಡಿ.

ಅಮ್ಮ ಮಂಡಿನೋವಿನ ಮಾತ್ರೆ ಬಿಡದೆ ತೆಗೆದುಕೊಳ್ಳಲಿ. ಸೀನ ಮಾವನಿಗೂ ಅತ್ತೆಗೂ ನಮಸ್ಕಾರ ತಿಳಿಸಿ. ಇವರು ದೀಪ ಆರಿಸು ಎನ್ನುತ್ತಿದ್ದಾರೆ, ಪುಟ್ಟಿ ಎದ್ದಳು. ಬಸ್ಸಿಗೆ ಎಷ್ಟಾಗುತ್ತದೆ ಎಂದು ವಿಚಾರಿಸಿ ಕೂಡಲೇ ತಿಳಿಸಿ.

ಇಂತಿ ನಿಮ್ಮ ಮಗಳು,
ಸುಧಾ