ದೂರು: ದುರಸ್ತಿಗೆ ಕಳಿಸಿದ ಕಾರ್ಬ್ಯುರೇಟರ್‌ಗಳನ್ನು ಬದಲಿಸಿ ಕಳಿಸಿದ ಬಗ್ಗೆ

ಇವರಿಂದ:
1957ರ ಎಂಜಿಎ 1500 ಎಂಬ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನ ಮಾಲೀಕ,
ವಿದ್ಯಾನಗರ, ಹುಬ್ಬಳ್ಳಿ

ಇವರಿಗೆ:
ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ,
ಹಳೆಯ ಕಾರುಗಳ ದುರಸ್ತಿ ಹಾಗೂ ಬಿಡಿಭಾಗ ಪೂರೈಕೆ ಸಂಸ್ಥೆ,
ಬೆಂಗಳೂರು

ವಿಷಯ: ನನ್ನ ಕಾರಿನ ಮೂಲ ಎಸ್‌ಯು ಕಾರ್ಬ್ಯುರೇಟರ್‌ಗಳನ್ನು ಮರಳಿಸುವುದು, ತಪ್ಪಾಗಿ ಬಂದ ಹಬ್ ಅನ್ನು ಬದಲಿಸಿಕೊಡುವುದು ಮತ್ತು ಬಿಲ್ಲಿನ ಹೆಚ್ಚುವರಿ ಹಣ ವಾಪಸು ಮಾಡುವ ಕುರಿತು.

ಮಾನ್ಯರೇ,

ನಾನು ದುರಸ್ತಿಗೆಂದು ನಿಮಗೆ ಕಳಿಸಿದ, ಎಂಜಿನ್ನಿಗೆ ಪೆಟ್ರೋಲ್ ಮತ್ತು ಗಾಳಿಯನ್ನು ಬೆರೆಸಿ ಕೊಡುವ, ಎಸ್‌ಯು ಕಂಪನಿಯ ಎರಡು ಕಾರ್ಬ್ಯುರೇಟರ್‌ಗಳ ಬದಲು ಬೇರೆ ಯಾರದೋ ಕಾರಿನಿಂದ ಬಿಚ್ಚಿದ ಎರಡು ಕಾರ್ಬ್ಯುರೇಟರ್‌ಗಳು ನನ್ನ ಮನೆಗೆ ಬಂದಿವೆ. ಈ ಮಾತನ್ನು ಫೋನಿನಲ್ಲಿ ಹೇಳಿದ್ದೇನೆ, ವಾಟ್ಸಾಪ್‌ನಲ್ಲಿ ಫೋಟೋ ಸಮೇತ ಕಳಿಸಿದ್ದೇನೆ, ಇಮೇಲ್‌ನಲ್ಲಿಯೂ ಬರೆದಿದ್ದೇನೆ. ಪ್ರತಿ ಸಲವೂ ಹೊಸಬರೊಬ್ಬರು ಫೋನ್ ಎತ್ತುತ್ತಾರೆ, ಮೊದಲಿನಿಂದ ಎಲ್ಲವನ್ನೂ ಕೇಳುತ್ತಾರೆ, ಪರಿಶೀಲಿಸಿ ತಿಳಿಸುತ್ತೇವೆ ಎನ್ನುತ್ತಾರೆ. ತಿಳಿಸಿದವರು ಯಾರೂ ಇಲ್ಲ. ಆದ್ದರಿಂದ ಈ ಪತ್ರವನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸುತ್ತಿದ್ದೇನೆ. ತಲುಪಿಲ್ಲ ಎನ್ನುವ ಹಾದಿ ಇನ್ನು ನಿಮಗಿಲ್ಲ.

ನಾನು ನಿಮಗೆ ಕಳಿಸಿದ್ದು ಏನು, ಯಾಕೆ ಎಂಬುದು ನಿಮ್ಮ ಜಾಬ್ ಕಾರ್ಡ್‌ನಲ್ಲಿಯೇ ಇದೆ: ‘ಗ್ರಾಹಕರ ಕಾರ್ಬ್ಯುರೇಟರ್ ಎರಡು, ಓವರ್‌ಹಾಲ್’. ಎಂಜಿನ್ನಿಗೆ ಹೋಗುವ ಗಾಳಿಯ ಬಾಗಿಲನ್ನು ತಿರುಗಿಸುವ ಥ್ರಾಟಲ್ ಶಾಫ್ಟ್ ಸವೆದು ಅಲುಗಾಡುತ್ತಿತ್ತು. ಆ ಸಂದಿಯಿಂದ ಗಾಳಿ ನುಗ್ಗಿ ಎಂಜಿನ್ನಿನ ವೇಗ ಒಂದೇ ಸಮನಿರದೆ ಏರಿಳಿಯುತ್ತಿತ್ತು. ಶಾಫ್ಟ್ ಒಂದೇ ಆಗಿದ್ದರೆ ಗೋಕುಲ ರಸ್ತೆಯ ಯಾವ ಲೇಥ್‌ನಲ್ಲಾದರೂ ಒಂದು ಮಧ್ಯಾಹ್ನದಲ್ಲಿ ಮಾಡಿಸಿಕೊಳ್ಳುತ್ತಿದ್ದೆ. ಆದರೆ ಬಾಡಿಯ ಎರಡೂ ಬದಿಯ ರಂಧ್ರಗಳನ್ನು ಒಂದೇ ನೇರಕ್ಕೆ ರೀಮ್ ಮಾಡಿ (ಕೊರೆದು ಹಿಗ್ಗಿಸಿ) ಬುಷ್ (ಲೋಹದ ಚಿಕ್ಕ ಕೊಳವೆ) ಕೂರಿಸಬೇಕು. ಅದಕ್ಕೆ ಬೇಕಾದ ರೀಮರ್ ನಮ್ಮಲ್ಲಿದೆ ಎಂದು ನಿಮ್ಮ ತಂತ್ರಜ್ಞರು ಹೇಳಿದ್ದಕ್ಕೇ ಇಷ್ಟು ದೂರ ಕಳಿಸಿದ್ದು.

ವಾಪಸು ಬಂದ ಪೆಟ್ಟಿಗೆಯನ್ನು ತೆರೆದಾಗ ಕನ್ನಡಿಯಂತೆ ಹೊಳೆಯುವ ಎರಡು ಕಾರ್ಬ್ಯುರೇಟರ್‌ಗಳಿದ್ದವು. ಹೊಳಪಿಗೆ ನನ್ನ ತಕರಾರಿಲ್ಲ. ನನ್ನ ಕಾರಿನ ಸಕ್ಷನ್ ಚೇಂಬರ್‌ಗಳ (ಕಾರ್ಬ್ಯುರೇಟರಿನ ಮೇಲಿನ ಗುಮ್ಮಟಗಳ) ಅಂಚಿನ ಕೆಳಗೆ, ಸ್ಕ್ರೂ ಬಿಚ್ಚಿ ಮೇಲೆತ್ತಿದರೆ ಮಾತ್ರ ಕಾಣುವ ಜಾಗದಲ್ಲಿ, ನಮ್ಮ ತಂದೆಯವರು ಗೀರು ಮೊಳೆಯಿಂದ ಒಂದಕ್ಕೆ ‘ಮುಂ’ ಎಂದೂ ಇನ್ನೊಂದಕ್ಕೆ ‘ಹಿಂ’ ಎಂದೂ ಕೆತ್ತಿದ್ದರು. ಮುಂದಿನ ಕಾರ್ಬ್ಯುರೇಟರಿನದು ಹಿಂದಿನದಕ್ಕೆ ಬೆರೆಯಬಾರದೆಂದು ಮಾಡಿದ ಗುರುತು ಅದು. ಪಿಸ್ಟನ್‌ಗಳ ಮೇಲೆಯೂ ಅದೇ ಅಕ್ಷರಗಳಿದ್ದವು. ಕಳಿಸುವ ಮುನ್ನ ತೆಗೆದ ಫೋಟೋಗಳನ್ನು ಲಗತ್ತಿಸಿದ್ದೇನೆ, ನೋಡಿ. ನೀವು ಕಳಿಸಿದವುಗಳಲ್ಲಿ ಗೀರೂ ಇಲ್ಲ, ಅಕ್ಷರವೂ ಇಲ್ಲ. ಪಾಲಿಶ್ ಮಾಡುವಾಗ ಅಳಿಸಿಹೋಗಿರಬಹುದು ಎಂದು ನಿಮ್ಮ ಸಿಬ್ಬಂದಿಯೊಬ್ಬರು ಹೇಳಿದರು. ಪಾಲಿಶ್ ಮಾಡಿದ್ದು ಹೊರಮೈಗೆ, ಗುರುತು ಇದ್ದದ್ದು ಒಳ ಅಂಚಿನಲ್ಲಿ. ಆ ಒಳ ಅಂಚಿನಲ್ಲಿ ಹಳೆಯ ಪೆಟ್ರೋಲಿನ ಕಂದು ಕಲೆ ಇನ್ನೂ ಹಾಗೆಯೇ ಇದೆ. ಕಲೆಯನ್ನು ಬಿಟ್ಟು ಅಕ್ಷರವನ್ನಷ್ಟೇ ಅಳಿಸುವ ಪಾಲಿಶ್ ಇದ್ದರೆ ದಯವಿಟ್ಟು ಹೆಸರು ತಿಳಿಸಿ.

ಗುರುತಿನ ಮಾತನ್ನು ಬದಿಗಿಡೋಣ. ಎಸ್‌ಯು ಕಾರ್ಬ್ಯುರೇಟರಿನಲ್ಲಿ ಸಕ್ಷನ್ ಚೇಂಬರ್ ಮತ್ತು ಅದರೊಳಗಿನ ಪಿಸ್ಟನ್ ಕಾರ್ಖಾನೆಯಲ್ಲಿಯೇ ಜೋಡಿ ಮಾಡಿ ಹೊರಬಿದ್ದವು ಎಂಬುದು ನಿಮ್ಮಂಥ ಸಂಸ್ಥೆಗೆ ಹೊಸ ವಿಷಯವಲ್ಲ. ಒಂದರ ಪಿಸ್ಟನ್ ಇನ್ನೊಂದರ ಚೇಂಬರಿನಲ್ಲಿ ಸರಿಯಾಗಿ ಕೂರುವುದಿಲ್ಲ. ಪರೀಕ್ಷೆಯೂ ಸರಳ: ಪಿಸ್ಟನ್ನಿನ ರಂಧ್ರಗಳನ್ನು ಮುಚ್ಚಿ, ಜೋಡಿಯನ್ನು ತಲೆಕೆಳಗಾಗಿ ಹಿಡಿದು ಪಿಸ್ಟನ್ನನ್ನು ಕೈಯಲ್ಲಿಟ್ಟುಕೊಂಡರೆ ಚೇಂಬರ್ ತಾನಾಗಿ ಕೆಳಗೆ ಜಾರಬೇಕು. ಎಂಜಿಎದಲ್ಲಿರುವ ಒಂದೂವರೆ ಇಂಚಿನ ಕಾರ್ಬ್ಯುರೇಟರಿಗೆ ಇದಕ್ಕೆ 5ರಿಂದ 7 ಸೆಕೆಂಡು ಹಿಡಿಯಬೇಕು. ನಮ್ಮ ಓಣಿಯಲ್ಲಿ ರೈಲ್ವೆ ವರ್ಕ್‌ಶಾಪ್‌ನಿಂದ ನಿವೃತ್ತರಾದ ಫಿಟ್ಟರ್ ಕಾಕಾ ಒಬ್ಬರಿದ್ದಾರೆ. ಅವರ ಮುಂದೆಯೇ ಪರೀಕ್ಷಿಸಿದೆ. ಒಂದು ಚೇಂಬರ್ ಬಿಟ್ಟ ಕೂಡಲೇ ಠಪ್ಪನೆ ಬಿತ್ತು. ಇನ್ನೊಂದು ಅರ್ಧಕ್ಕೆ ಬಂದು ಸಿಕ್ಕಿಹಾಕಿಕೊಂಡಿತು, ಬೆರಳಿನಿಂದ ತಟ್ಟಿದ ಮೇಲೆಯೇ ಇಳಿಯಿತು. ಕಾಕಾ ಕನ್ನಡಕ ಏರಿಸಿ ಎರಡನ್ನೂ ತಿರುಗಿಸಿ ನೋಡಿ, “ಇವು ಒಂದೇ ಮನೆಯ ಮಕ್ಕಳಲ್ಲ ಬಿಡಿ” ಎಂದು ಕೆಳಗಿಟ್ಟರು. ನನ್ನ ಹಳೆಯ ಜೋಡಿಗಳು, ಶಾಫ್ಟ್ ಎಷ್ಟೇ ಸವೆದಿದ್ದರೂ, ಈ ಪರೀಕ್ಷೆಯಲ್ಲಿ ಯಾವತ್ತೂ ಸೋತಿರಲಿಲ್ಲ.

ನಿಮ್ಮ ಸಂಸ್ಥೆಯಿಂದ ಬಂದ ಏಕೈಕ ಲಿಖಿತ ಉತ್ತರದಲ್ಲಿ, ನಮ್ಮಲ್ಲಿ ಎಕ್ಸ್‌ಚೇಂಜ್ ಪದ್ಧತಿ ಇದೆ, ಹಳೆಯದನ್ನು ಇಟ್ಟುಕೊಂಡು ಸಿದ್ಧವಿರುವ ಬೇರೊಂದನ್ನು ಕಳಿಸುತ್ತೇವೆ, ಗ್ರಾಹಕರಿಗೆ ಇದರಿಂದ ಸಮಯ ಉಳಿಯುತ್ತದೆ ಎಂದಿದೆ. ಅಡುಗೆ ಅನಿಲದ ಸಿಲಿಂಡರಿಗೆ ಈ ಪದ್ಧತಿ ಸರಿ. ಕಾರ್ಬ್ಯುರೇಟರಿಗೂ ನಡೆಯಬಹುದು, ಮಾಲೀಕನನ್ನು ಕೇಳಿ ಮಾಡಿದರೆ. ನೀವು ಕೇಳಲಿಲ್ಲ. ಜಾಬ್ ಕಾರ್ಡ್‌ನಲ್ಲಿ ಎಕ್ಸ್‌ಚೇಂಜ್ ಎಂಬ ಪದವೇ ಇಲ್ಲ, ಬಿಲ್ಲಿನಲ್ಲೂ ಇಲ್ಲ. ಬಿಲ್ಲಿನಲ್ಲಿ ಬುಷ್ ಕೂರಿಸಿದ ಕೂಲಿಯನ್ನು ಮಾತ್ರ ತಪ್ಪದೆ ಹಾಕಿದ್ದೀರಿ. ಹಾಗಾದರೆ ಯಾವ ಕಾರ್ಬ್ಯುರೇಟರಿಗೆ ಬುಷ್ ಕೂರಿಸಿದಿರಿ? ನನ್ನವಕ್ಕೆ ಎಂದರೆ ಅವು ಎಲ್ಲಿವೆ? ಬೇರೆಯವರದಕ್ಕೆ ಎಂದರೆ ಆ ಕೂಲಿಯನ್ನು ನಾನೇಕೆ ಕೊಡಬೇಕು? ನಾನು ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಒತ್ತೆ ಇಟ್ಟ ಚಿನ್ನವನ್ನು ಬಿಡಿಸಿಕೊಳ್ಳಲು ಬಂದವರಿಗೆ ಬೇರೆಯವರ ಬಳೆಯನ್ನು ಕೊಟ್ಟು, ತೂಕ ಸರಿ ಇದೆ ತೆಗೆದುಕೊಳ್ಳಿ ಎಂದಿದ್ದರೆ ನನ್ನ ನೌಕರಿ ಅಂದೇ ಹೋಗುತ್ತಿತ್ತು.

ಇನ್ನು ಹಬ್‌ಗಳ, ಅಂದರೆ ಚಕ್ರ ಕೂರುವ ನಡುಭಾಗಗಳ ವಿಷಯ. ಇದು ಬರೀ ಹಣದ ಮಾತಲ್ಲ, ಜೀವದ ಮಾತು. ನನ್ನ ಕಾರಿಗೆ ಕಡ್ಡಿಗಳಿರುವ ವೈರ್ ವೀಲ್‌ಗಳಿವೆ. ಒಂದೊಂದು ಚಕ್ರವನ್ನೂ ಎರಡು ಕಿವಿಯ ಒಂದೇ ಒಂದು ದೊಡ್ಡ ನಟ್ ಹಿಡಿದಿರುತ್ತದೆ. ಆ ನಟ್ ಓಡುವಾಗ ಸಡಿಲವಾಗಬಾರದೆಂದು ಕಾರಿನ ಎಡಬದಿಯ ಹಬ್‌ಗಳಿಗೆ ಸಾಮಾನ್ಯ ಬಲ ಥ್ರೆಡ್ (ಬಲಕ್ಕೆ ತಿರುಗಿಸಿದರೆ ಬಿಗಿಯಾಗುವುದು), ಬಲಬದಿಯ ಹಬ್‌ಗಳಿಗೆ ಉಲ್ಟಾ ಥ್ರೆಡ್ ಕೊಟ್ಟಿರುತ್ತಾರೆ. ಮುಂಭಾಗದ ಎರಡು ಹಬ್‌ಗಳ ಹೊರಮೈಯ ಹಲ್ಲು ಸವೆದಿದ್ದರಿಂದ ಎಡ ಒಂದು, ಬಲ ಒಂದು ಎಂದು ಸ್ಪಷ್ಟವಾಗಿ ಬರೆದು ತರಿಸಿದ್ದೆ. ಬಂದ ಎರಡರಲ್ಲೂ ಬಲ ಥ್ರೆಡ್ ಇದೆ. ಹಾಗೆಯೇ ಹಾಕಿ ಬಿಆರ್‌ಟಿಎಸ್ ರಸ್ತೆಯಲ್ಲಿ ಧಾರವಾಡದ ಕಡೆ ಹೊರಟರೆ ಪ್ರತಿ ಸುತ್ತಿಗೂ ಬಲಚಕ್ರದ ನಟ್ ತಾನೇ ಬಿಚ್ಚಿಕೊಳ್ಳುತ್ತ ಹೋಗುತ್ತದೆ. ರಾಯಾಪುರ ದಾಟುವಷ್ಟರಲ್ಲಿ ಚಕ್ರವೊಂದು ಚಿಗರಿ ಬಸ್ಸಿನ ಮುಂದೆ ತಾನೇ ಉರುಳಿಕೊಂಡು ಹೋಗಿದ್ದರೆ ಉತ್ತರ ಹೇಳುವವರು ಯಾರು? ಈ ಬಗ್ಗೆ ಕೇಳಿದಾಗ ನಿಮ್ಮ ಕಡೆಯವರು ನೀಡಿದ ಸಲಹೆ: “ನಟ್‌ಗೆ ಸ್ವಲ್ಪ ಜೋರಾಗಿ ಸುತ್ತಿಗೆಯಲ್ಲಿ ಹೊಡೆಯಿರಿ ಸಾರ್, ಕೂತುಕೊಳ್ಳುತ್ತದೆ.” ಈ ಸಲಹೆಯನ್ನು ಕೊಟ್ಟವರನ್ನು ದಯವಿಟ್ಟು ಬೇರೆ ಯಾವ ಗ್ರಾಹಕರ ಚಕ್ರದ ಹತ್ತಿರವೂ ಬಿಡಬೇಡಿ.

ಮೂರನೆಯದು ಎಂಜಿನ್ ಗ್ಯಾಸ್ಕೆಟ್ ಸೆಟ್, ಅಂದರೆ ಸಂದುಗಳಲ್ಲಿ ಸೋರದಂತೆ ಹಾಕುವ ಪದರಗಳು. ‘ಎಂಜಿಎ, ಇಂಗ್ಲೆಂಡಿನಿಂದ ಆಮದು’ ಎಂದು ಚೀಟಿ ಅಂಟಿಸಿ, ಆಮದು ಸುಂಕವನ್ನೂ ಸೇರಿಸಿ ಬಿಲ್ ಮಾಡಿದ್ದೀರಿ. ಚೀಟಿಯ ಒಂದು ಮೂಲೆ ಎದ್ದಿತ್ತು. ಎಳೆದೆ. ಅಡಿಯಲ್ಲಿ ಅಚ್ಚಾಗಿದ್ದದ್ದು ‘ಅಂಬಾಸಿಡರ್ ಪೆಟ್ರೋಲ್’. ಅಂಬಾಸಿಡರ್ ಎಂದರೆ ನನಗೆ ತಾತ್ಸಾರವಿಲ್ಲ. ಎಂಜಿಎ 1500ರ ಎಂಜಿನ್ನೂ ಹಳೆಯ ಪೆಟ್ರೋಲ್ ಅಂಬಾಸಿಡರಿನ ಎಂಜಿನ್ನೂ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ (ಬಿಎಂಸಿ) ಒಂದೇ ಬಿ-ಸೀರೀಸ್ ಕುಟುಂಬದವು. ಎರಡೂ 1489 ಸಿಸಿ, ಎರಡರ ಸಿಲಿಂಡರ್ ವ್ಯಾಸವೂ 73 ಮಿಲಿಮೀಟರ್. ಕಂಪ್ರೆಶನ್ (ಸಿಲಿಂಡರಿನೊಳಗಿನ ಮಿಶ್ರಣವನ್ನು ಅದುಮುವ ಪ್ರಮಾಣ), ಕಾರ್ಬ್ಯುರೇಟರ್, ಕ್ಯಾಮ್ ಇವುಗಳಲ್ಲಿ ದಾರಿ ಬೇರೆಯಾಗುತ್ತದೆ: ಎಂಜಿಎದ ಕಂಪ್ರೆಶನ್ 8.3ಕ್ಕೆ 1, ಅಂಬಾಸಿಡರಿನದು ಅದಕ್ಕಿಂತ ಕಡಿಮೆ. ಎಂಜಿಎಗೆ ಅವಳಿ ಕಾರ್ಬ್ಯುರೇಟರ್, ಅಂಬಾಸಿಡರಿಗೆ ಒಂದೇ. ಇವನ್ನು ಬಿಟ್ಟು ಹೊಂದುವ ಭಾಗಗಳನ್ನು ಹುಬ್ಬಳ್ಳಿಯ ಹಳೆಯ ಅಂಗಡಿಗಳಲ್ಲಿ ಹುಡುಕಿ, ತಿಳಿದೇ, ಅಂಬಾಸಿಡರಿನ ಬೆಲೆಗೇ ಕೊಂಡು ಹಾಕಿದ್ದೇನೆ. ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿದ್ದರೂ ಅದರ ಬಿಡಿಭಾಗಗಳನ್ನು ಗೋದಾಮಿನಲ್ಲಿ ಇಟ್ಟುಕೊಂಡವರು ನಮ್ಮ ಊರಿನಲ್ಲಿ ಇನ್ನೂ ಇದ್ದಾರೆ. ಅಂಗೈಯಲ್ಲಿ ಬೆಣ್ಣೆ ಇದ್ದವನನ್ನು ತುಪ್ಪಕ್ಕಾಗಿ ಬೆಂಗಳೂರಿನವರೆಗೆ ಅಲೆಸಿ, ಅದೇ ಬೆಣ್ಣೆಯನ್ನು ತುಪ್ಪದ ದರಕ್ಕೆ ಮಾರಿದ್ದೀರಿ.

ಬೆಲೆಯ ಬಗ್ಗೆ ಕೇಳಿದರೆ ನಿಮ್ಮಲ್ಲಿ ಒಂದೇ ಉತ್ತರ: ಇದು ತೀರಾ ದುರ್ಲಭವಾದ ಕಾರು, ಬಿಡಿಭಾಗ ಎಲ್ಲೂ ಸಿಗುವುದಿಲ್ಲ. ಇದನ್ನು ತಿಳಿಯದವರಿಗೆ ಹೇಳಿ. 1955ರಿಂದ 1962ರವರೆಗೆ ಅಬಿಂಗ್ಡನ್ ಕಾರ್ಖಾನೆಯಿಂದ ಒಂದು ಲಕ್ಷಕ್ಕೂ ಹೆಚ್ಚು ಎಂಜಿಎ ಕಾರುಗಳು ಹೊರಬಂದಿವೆ. ಬಹುಪಾಲು ಅಮೆರಿಕಕ್ಕೆ ಹೋದವು. ಅಲ್ಲಿಯೂ ಬ್ರಿಟನ್ನಿನಲ್ಲಿಯೂ ಇದರ ಗ್ಯಾಸ್ಕೆಟ್, ಹಬ್, ರಬ್ಬರ್, ನೆಲಕ್ಕೆ ಹಾಸುವ ಪ್ಲೈವುಡ್ ಹಲಗೆಗಳವರೆಗೆ ಎಲ್ಲವೂ ಇಂದಿಗೂ ಹೊಸದಾಗಿ ತಯಾರಾಗುತ್ತವೆ. ಭಾರತದಲ್ಲಿ ಈ ಕಾರು ಅಪರೂಪ ನಿಜ. ಸರಕು ತರಿಸಲು ಸುಂಕ, ಸಾಗಣೆ, ಕಾಯುವಿಕೆ ಇವೆಲ್ಲ ಇವೆ ಎಂಬುದೂ ನಿಜ. ಆದರೆ ದುಡ್ಡು ಕೊಟ್ಟರೂ ಮತ್ತೆ ಸಿಗದೇ ಇರುವುದು ಕಾರಿನ ಜೊತೆಗೇ ಹುಟ್ಟಿ, ಅದರ ಜೊತೆಗೇ ಸವೆದ ಮೂಲ ಭಾಗ. ನಿಮ್ಮ ಇಡೀ ವ್ಯವಹಾರದಲ್ಲಿ ನಿಜವಾಗಿ ದುರ್ಲಭವಾಗಿದ್ದದ್ದು ನಾನು ನಿಮಗೆ ಕಳಿಸಿದ ಆ ಎರಡು ಕಾರ್ಬ್ಯುರೇಟರ್‌ಗಳು ಮಾತ್ರ. ಅವನ್ನೇ ಕಳೆದಿದ್ದೀರಿ.

ಇದರ ನಡುವೆ ನಿಮ್ಮ ತಂತ್ರಜ್ಞರೊಬ್ಬರು ಫೋನಿನಲ್ಲಿ, ಇಷ್ಟೆಲ್ಲ ತಲೆನೋವು ಏಕೆ, ಇಸುಜು ಎಂಜಿನ್ನಿನ ಅಂಬಾಸಿಡರಿನಿಂದ ಎಂಜಿನ್ ತೆಗೆದು ಕೂರಿಸಿಬಿಡೋಣ ಎಂದರು. ಹಳೆಯ ಕಾರುಗಳ ದುರಸ್ತಿಯನ್ನೇ ಕಸುಬಾಗಿಸಿಕೊಂಡವರ ಬಾಯಿಂದ ಈ ಮಾತು! 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ನಿಯಮಗಳ ಪ್ರಕಾರ 50 ವರ್ಷ ದಾಟಿದ ಕಾರಿಗೆ ವಿಂಟೇಜ್ ನೋಂದಣಿ ಬೇಕೆಂದರೆ ಅದು ಮೂಲ ರೂಪದಲ್ಲಿಯೇ ಇರಬೇಕು, ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ಗಣನೀಯ ಮಾರ್ಪಾಡು ಇರಬಾರದು. ಆ ನೋಂದಣಿಗೆ ಅರ್ಜಿ ಹಾಕಬೇಕೆಂದೇ ನಾನು ಈ ಕೆಲಸಕ್ಕೆ ಕೈಹಾಕಿದ್ದು, ಅದನ್ನು ಮೊದಲ ಮಾತುಕತೆಯಲ್ಲಿಯೇ ನಿಮಗೆ ತಿಳಿಸಿದ್ದೆ.

ಈಗ ನನ್ನ ಬೇಡಿಕೆ. ಗೀರಿನ ಗುರುತಿರುವ ನನ್ನ ಎರಡೂ ಕಾರ್ಬ್ಯುರೇಟರ್‌ಗಳನ್ನು, ಅಂದರೆ ಬಾಡಿ, ಚೇಂಬರ್, ಪಿಸ್ಟನ್ ಸಹಿತ, ಹುಡುಕಿ ಮರಳಿಸಬೇಕು. ಬುಷ್ ಹಾಕಿರದಿದ್ದರೂ ಚಿಂತೆಯಿಲ್ಲ, ಹಾಗೆಯೇ ಕಳಿಸಿ. ಅವು ಬೇರೆ ಗ್ರಾಹಕರಿಗೆ ಹೋಗಿದ್ದರೆ ಅವರನ್ನು ಸಂಪರ್ಕಿಸಿ ಬದಲಿಸಿಕೊಳ್ಳುವುದು ನಿಮ್ಮ ಹೊಣೆ. ಬಹುಶಃ ಅವರ ಜೋಡಿಯೇ ನನ್ನ ಮೇಜಿನ ಮೇಲಿದೆ, ಅವರೂ ನನ್ನ ಹಾಗೆಯೇ ಗೋಳಾಡುತ್ತಿರಬಹುದು. ಗುಜರಿಗೆ ಹೋಗಿದ್ದರೆ ಅದನ್ನು ಲೆಟರ್‌ಹೆಡ್‌ನಲ್ಲಿ ಸಹಿ ಹಾಕಿ ಬರೆದುಕೊಡಿ. ಮುಂದಿನದನ್ನು ಆ ಕಾಗದವನ್ನು ಹಿಡಿದುಕೊಂಡೇ ಮಾತನಾಡೋಣ. ಬಲಬದಿಗೆ ಉಲ್ಟಾ ಥ್ರೆಡ್ಡಿನ ಹಬ್ ನಿಮ್ಮ ಖರ್ಚಿನಲ್ಲಿ ಬರಬೇಕು. ಗ್ಯಾಸ್ಕೆಟ್ ಸೆಟ್‌ಗೆ ತೆಗೆದುಕೊಂಡ ಹಣ, ಸುಂಕ ಸಮೇತ, ನನ್ನ ಖಾತೆಗೆ ಮರಳಬೇಕು. ಆ ಸೆಟ್ಟನ್ನು, ಎದ್ದ ಚೀಟಿಯೊಂದಿಗೆ, ಸಾಕ್ಷ್ಯವಾಗಿ ನನ್ನಲ್ಲಿಯೇ ಇಟ್ಟುಕೊಳ್ಳುತ್ತೇನೆ.

ಈ ಪತ್ರ ತಲುಪಿದ 15 ದಿನಗಳೊಳಗೆ ಲಿಖಿತ ಉತ್ತರ ಬರದಿದ್ದರೆ ಧಾರವಾಡದ ಜಿಲ್ಲಾ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗದಲ್ಲಿ ದೂರು ಸಲ್ಲಿಸುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು, ಬೆಂಗಳೂರಿಗೆ ಅಲೆಯಬೇಕಾದ ಅಗತ್ಯವಿಲ್ಲ. ಅಲೆಯಬೇಕಾದವರು ನೀವು. ಗೇರ್‌ಬಾಕ್ಸ್ ಕೆಲಸಕ್ಕೆಂದು ನಾನು ಕೊಡಬೇಕೆಂದಿದ್ದ ಮುಂಗಡವನ್ನು ಸದ್ಯಕ್ಕೆ ತಡೆಹಿಡಿದಿದ್ದೇನೆ.

ತಪ್ಪಾಗಿ ಬಂದ ಹಬ್ಬನ್ನು ಒಯ್ಯಲು ನಿಮ್ಮ ಕೊರಿಯರ್ ಯಾವ ದಿನ ಬಂದರೂ ಒಪ್ಪಿಸುತ್ತೇನೆ. ಹೊಳೆಯುವ ಆ ಎರಡು ಕಾರ್ಬ್ಯುರೇಟರ್‌ಗಳನ್ನು ಮಾತ್ರ, ‘ಮುಂ’ ಮತ್ತು ‘ಹಿಂ’ ನನ್ನ ಕೈ ಸೇರಿದ ಮೇಲೆಯೇ ಕೊಡುವುದು.

ಇಂತಿ ತಮ್ಮ ವಿಶ್ವಾಸಿ,
(ಸಹಿ)
ಹುಬ್ಬಳ್ಳಿ

ಅಡಕ: ಜಾಬ್ ಕಾರ್ಡ್ ಮತ್ತು ಬಿಲ್ಲಿನ ಪ್ರತಿ; ಕಳಿಸುವ ಮುನ್ನ ಹಾಗೂ ಬಂದ ನಂತರ ತೆಗೆದ ಕಾರ್ಬ್ಯುರೇಟರ್‌ಗಳ ಫೋಟೋ; ಎರಡೂ ಹಬ್‌ಗಳ ಥ್ರೆಡ್ ಕಾಣುವ ಫೋಟೋ; ಗ್ಯಾಸ್ಕೆಟ್ ಸೆಟ್ಟಿನ ಚೀಟಿಯ ಫೋಟೋ; ನಿಮ್ಮ ಇಮೇಲ್ ಉತ್ತರದ ಪ್ರತಿ.