ಪಕ್ಕದಲ್ಲಿ ಕೂತರೆ ಸಾಲದು, ಜೊತೆಯಲ್ಲಿ ಕೆಲಸವಾಗಬೇಕು

ಮಾನ್ಯರೆ,

ಮೈಸೂರು, ಮಂಡ್ಯ ಸೀಮೆಯ ಶಾಲೆಗಳಲ್ಲಿ ಸಾಮರಸ್ಯ ಎಂದ ಕೂಡಲೇ ನೆನಪಾಗುವುದು ಭಾಷಣ ಮತ್ತು ಸಹಭೋಜನ. ಎರಡೂ ಬೇಡವೆನ್ನುತ್ತಿಲ್ಲ. ಆದರೆ ಬಿಸಿಯೂಟದ ಸಾಲಿನಲ್ಲಿ ಒತ್ತೊತ್ತಾಗಿ ಕೂತು ಉಂಡ ಮಕ್ಕಳು ತಟ್ಟೆ ತೊಳೆದಿಟ್ಟ ಮೇಲೆ ಯಾರ ಜೊತೆ ಆಟಕ್ಕೆ ಹೋಗುತ್ತಾರೆ ಎಂಬುದನ್ನು ಶಿಕ್ಷಕರು ಒಂದು ವಾರ ಗಮನಿಸಲಿ.

ಬೇರೆ ಜಾತಿ, ಧರ್ಮದವರ ಬಗೆಗಿನ ಪೂರ್ವಗ್ರಹ ಒಡನಾಟದಿಂದ ಕರಗಬೇಕಾದರೆ ನಾಲ್ಕು ಅನುಕೂಲ ಬೇಕೆಂದು ಮನೋವಿಜ್ಞಾನಿ ಗಾರ್ಡನ್ ಆಲ್‌ಪೋರ್ಟ್ 1954ರಲ್ಲೇ ಹೇಳಿದರು: ಆ ಜಾಗದಲ್ಲಿ ಎಲ್ಲರೂ ಸರಿಸಮ, ಗುರಿ ಒಂದೇ, ಕೆಲಸ ಕೂಡಿ ಮಾಡುವಂಥದ್ದು, ಹಿರಿಯರ ಬಹಿರಂಗ ಬೆಂಬಲ. 2006ರಲ್ಲಿ ಪೆಟಿಗ್ರೂ ಮತ್ತು ಟ್ರಾಪ್ ಎಂಬ ಮನೋವಿಜ್ಞಾನಿಗಳು 515 ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದಾಗ, ಇವು ಪೂರ್ತಿ ಇಲ್ಲದಿದ್ದರೂ ಒಡನಾಟದಿಂದ ಫಲವುಂಟು, ಇದ್ದರೆ ಫಲ ಹೆಚ್ಚು ಎಂದು ಕಂಡುಬಂತು.

ನಮ್ಮ ದೇಶದ್ದೇ ಪುರಾವೆಯೂ ಇದೆ. ಅರ್ಥಶಾಸ್ತ್ರಜ್ಞ ಮ್ಯಾಥ್ಯೂ ಲೋ ಉತ್ತರ ಪ್ರದೇಶದ ಹಳ್ಳಿಗಳಲ್ಲಿ 1,261 ಯುವಕರನ್ನು ಸೇರಿಸಿ, ಅವರಲ್ಲಿ 800 ಮಂದಿಯನ್ನು ಆಡಿಸಿ, ತಲಾ ಒಂದು ತಿಂಗಳ ಎಂಟು ಕ್ರಿಕೆಟ್ ಲೀಗ್ ನಡೆಸಿದರು. ಬೇರೆ ಜಾತಿಯವರೊಂದಿಗೆ ಒಂದೇ ತಂಡದಲ್ಲಿ ಆಡಿದವರಲ್ಲಿ ಜಾತಿ ಮೀರಿದ ಗೆಳೆತನ ಹೆಚ್ಚಿತು. ಎದುರಾಳಿಗಳಾಗಿ ಆಡಿದವರಲ್ಲಿ ಅಂಥ ಫಲ ಕಾಣಲಿಲ್ಲ, ಕೆಲವು ವಿಷಯಗಳಲ್ಲಿ ಕೆಟ್ಟದ್ದೇ ಆಯಿತು. ಕೇರಿಗೊಂದು ತಂಡ ಕಟ್ಟಿ ಟೂರ್ನಿ ಮಾಡುವ ನಮ್ಮ ಯುವಕ ಸಂಘಗಳು ಇದನ್ನು ದಯವಿಟ್ಟು ಗಮನಿಸಬೇಕು. ಚೀಟಿ ಎತ್ತಿ ತಂಡ ಮಾಡುವುದಕ್ಕೆ ಒಂದು ಪೈಸೆಯೂ ಖರ್ಚಿಲ್ಲ.

ತರಗತಿಗೆ ಒಗ್ಗುವ ವಿಧಾನ ಮನೋವಿಜ್ಞಾನಿ ಎಲಿಯಟ್ ಆರನ್ಸನ್ 1971ರಲ್ಲಿ ಅಮೆರಿಕದ ಆಸ್ಟಿನ್ ನಗರದ ಶಾಲೆಗಳಲ್ಲಿ ಆರಂಭಿಸಿದ ಜಿಗ್‌ಸಾ, ಅಂದರೆ ತುಂಡು ಜೋಡಿಸಿ ಪೂರ್ತಿ ಚಿತ್ರ ಮಾಡುವ ಆಟದಂಥ ಕಲಿಕೆ. ಅಲ್ಲಿ ಕರಿಯ, ಬಿಳಿಯ ಮಕ್ಕಳನ್ನು ಹೊಸದಾಗಿ ಒಂದೇ ಶಾಲೆಗೆ ಸೇರಿಸಿದ್ದರು, ಜಗಳ ನಿಲ್ಲುತ್ತಿರಲಿಲ್ಲ. ನಮ್ಮಲ್ಲಿ ಇದನ್ನು ಹೀಗೆ ಮಾಡಬಹುದು: ಎಂಟನೇ ತರಗತಿಯ 30 ಮಕ್ಕಳಿಗೆ ಕಾವೇರಿಯ ಪಾಠ ಎಂದಿಟ್ಟುಕೊಳ್ಳಿ. ಐದೈದು ಮಕ್ಕಳ ಆರು ಗುಂಪು ಮಾಡಿ. ಪಾಠವನ್ನೂ ಐದು ತುಂಡು ಮಾಡಿ: ತಲಕಾವೇರಿ ಮತ್ತು ಉಪನದಿಗಳು, ಕನ್ನಂಬಾಡಿ ಕಟ್ಟೆ, ವಿಶ್ವೇಶ್ವರಯ್ಯ ನಾಲೆಯ ಭತ್ತ-ಕಬ್ಬು, 1902ರಲ್ಲಿ ಕೋಲಾರದ ಗಣಿಗೆ ಕರೆಂಟ್ ಕಳಿಸಿದ ಶಿವನಸಮುದ್ರ, ನದಿ ಕಡಲು ಸೇರುವ ಬಯಲು. ಪ್ರತಿ ಮಗುವಿಗೆ ಒಂದೇ ತುಂಡಿನ ಹಾಳೆ, ಪುಸ್ತಕ ಮುಚ್ಚಿರಲಿ. ಒಂದೇ ತುಂಡು ಸಿಕ್ಕ ಆರೂ ಮಕ್ಕಳು ಮೊದಲು ಒಟ್ಟಿಗೆ ಕೂತು ಹತ್ತು ನಿಮಿಷ ಓದಿ, ಹೇಗೆ ವಿವರಿಸಬೇಕೆಂದು ಮಾತಾಡಿಕೊಳ್ಳಲಿ. ಆಮೇಲೆ ಸ್ವಂತ ಗುಂಪಿಗೆ ಮರಳಿ ಒಬ್ಬೊಬ್ಬರೂ ತಮ್ಮ ಭಾಗವನ್ನು ನಾಲ್ಕು ನಿಮಿಷ ಕಲಿಸಲಿ. ಕೊನೆಗೆ ಐದೂ ತುಂಡುಗಳ ಮೇಲೆ ಕಿರುಪರೀಕ್ಷೆ, ಅಂಕ ಅವರವರದ್ದೇ. ಪಕ್ಕದವಳು ಹೇಳುವುದನ್ನು ಕೇಳದೆ ಉತ್ತರ ಬರೆಯುವಂತಿಲ್ಲ ಎಂಬುದರಲ್ಲೇ ಇದರ ಜೀವವಿದೆ. ಒಂದು ದಿನ ಮಾಡಿ ಬಿಟ್ಟರೆ ಅದೂ ಇನ್ನೊಂದು ಸಮಾರಂಭವಾದೀತು. ವಾರಕ್ಕೆ ಎರಡು ಪಿರಿಯಡ್‌ನಂತೆ ಕನಿಷ್ಠ ಆರು ವಾರ ಬೇಕು.

ಕೆಡುವುದು ಎಲ್ಲಿ? ಮಕ್ಕಳೇ ಗುಂಪು ಆರಿಸಿಕೊಂಡರೆ ಹಳೆಯ ಕೇರಿಗಳೇ ತರಗತಿಯೊಳಗೆ ಬಂದು ಕೂರುತ್ತವೆ. ಗುಂಪು ಮಾಡುವುದು ಮೇಷ್ಟ್ರ ಕೆಲಸ. ಒಂದು ಸಮುದಾಯದ ಒಂಟಿ ಮಗುವನ್ನು ಗುಂಪಿಗೆ ಹಾಕಿದರೆ ಅದು ಇಡೀ ಸಮುದಾಯದ ಪ್ರತಿನಿಧಿಯಾಗಿಬಿಡುತ್ತದೆ, ಇಬ್ಬರಿದ್ದರೆ ಮೇಲು. ಓದಲು ತಡವರಿಸುವ ಮಗು ಎಲ್ಲರೆದುರು ತೊದಲಿದರೆ ‘ಅವರು ಹಾಗೇ’ ಎಂಬ ಭಾವನೆ ಇನ್ನಷ್ಟು ಗಟ್ಟಿಯಾಗುತ್ತದೆ. ಆ ಮೊದಲ ಹತ್ತು ನಿಮಿಷ ಇರುವುದೇ ಇದನ್ನು ತಪ್ಪಿಸಲು, ಅದನ್ನು ಎಂದೂ ಬಿಡಬೇಡಿ. ಗುಂಪು ಗುಂಪಿಗೆ ಬಹುಮಾನವೂ ಬೇಡ. ಮನೋವಿಜ್ಞಾನಿ ಹೆನ್ರಿ ತಾಜ್‌ಫೆಲ್ 1970ರ ಸುಮಾರಿಗೆ ಇಂಗ್ಲೆಂಡಿನ ಬ್ರಿಸ್ಟಲ್‌ನ ಹುಡುಗರನ್ನು ಅರ್ಥವೇ ಇಲ್ಲದ ನೆಪದ ಮೇಲೆ ಎರಡು ಪಾಲು ಮಾಡಿದಾಗಲೂ ಅವರು ತಮ್ಮ ಪಾಲಿನವರಿಗೇ ಹೆಚ್ಚು ಹಣ ಹಂಚಿದರು. ಹಾಗಿರುವಾಗ ವಿದ್ಯಾರ್ಥಿವೇತನದ ಅರ್ಜಿಗಾಗಿ ಮಕ್ಕಳನ್ನು ಜಾತಿವಾರು ಎದ್ದು ನಿಲ್ಲಿಸುವುದು ಎಂಥ ಹಾನಿ! ಆ ಪಟ್ಟಿಯ ಕೆಲಸ ಕಚೇರಿಯಲ್ಲೇ ಮುಗಿಯಬೇಕು.

ಫಲ ಸಿಕ್ಕಿತೇ ಎಂದು ತಿಳಿಯಲು ‘ಜಾತಿಭೇದ ತಪ್ಪೇ?’ ಎಂದು ಕೇಳಬೇಡಿ, ಎಲ್ಲರೂ ಹೌದೆನ್ನುತ್ತಾರೆ. ಆರಂಭದಲ್ಲೊಮ್ಮೆ, ಆರು ವಾರದ ನಂತರ ಮತ್ತೊಮ್ಮೆ, ‘ಮುಂದಿನ ಪ್ರವಾಸದಲ್ಲಿ ಬಸ್ಸಿನಲ್ಲಿ ಯಾರ ಪಕ್ಕ ಕೂರಲು ಇಷ್ಟ? ಮೂರು ಹೆಸರು ಬರೆಯಿರಿ’ ಎಂದು ಚೀಟಿ ಕೊಡಿ. ಎರಡೂ ಸಲದ ಹೆಸರುಗಳನ್ನು ಹೋಲಿಸಿ ನೋಡಿದ ಮೇಲೆ ಆ ಚೀಟಿಗಳನ್ನು ಹರಿದುಹಾಕಿ. ಯಾವ ಮಗುವಿನ ಹೆಸರು ಯಾರೂ ಬರೆಯಲಿಲ್ಲ ಎಂಬುದು ಇನ್ನೊಂದು ಮಗುವಿನ ಕಿವಿಗೆ ಬೀಳಕೂಡದು.

— ಮನೋವಿಜ್ಞಾನ ಬೋಧಕರಿಬ್ಬರು, ಮೈಸೂರು